ಮಾಲ್ ಫುಡ್ ಕೋರ್ಟ್‌ನಲ್ಲಿ 90 ಚದರಡಿ ಸಿಹಿ ಕೌಂಟರ್: ವಾಫಲ್, ಸಾಫ್ಟಿ, ಗಡ್‌ಬಡ್ ಮೂರೂ ಇಡಬಹುದಾ?

ಉತ್ತರ_ಬೆಂಗಳೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತಣಿಸಂದ್ರ ಕಡೆಯ ಒಂದು ಮಧ್ಯಮ ಗಾತ್ರದ ಮಾಲ್. ಮೂರನೇ ಮಹಡಿಯಲ್ಲಿ ಫುಡ್ ಕೋರ್ಟ್, ಅದರ ಪಕ್ಕದಲ್ಲೇ ಸಿನಿಮಾ ಬಾಗಿಲು. ಎಸ್ಕಲೇಟರ್ ಹತ್ತಿ ಬಂದ ಕೂಡಲೇ ಕಣ್ಣಿಗೆ ಬೀಳುವ ಕಡೆ 90 ಚದರಡಿ ಕಿಯೋಸ್ಕ್ ಕೊಡ್ತೀವಿ ಅಂತಿದ್ದಾರೆ. ದೋಸೆ, ಬಿರಿಯಾನಿ, ಉತ್ತರ ಭಾರತದ ಥಾಲಿ, ಚೈನೀಸ್, ಪಿಜ್ಜಾ ಎಲ್ಲ ಈಗಾಗಲೇ ಇವೆ. ಊಟ ಆದಮೇಲೆ ಬಾಯಿ ಸಿಹಿ ಮಾಡೋಕೆ ಅಂತ ಒಂದು ಜ್ಯೂಸ್ ಅಂಗಡಿ ಬಿಟ್ಟರೆ ಏನೂ ಇಲ್ಲ.

ನಮ್ಮ ಯೋಚನೆ: ಕಡ್ಡಿ ವಾಫಲ್, ಸಾಫ್ಟಿ ಕೋನ್ (ಮಿಷಿನ್ನಿಂದ ಮೆತ್ತಗೆ ಇಳಿಯೋ ಐಸ್‌ಕ್ರೀಂ), ಗಡ್‌ಬಡ್ (ಎತ್ತರದ ಗ್ಲಾಸಲ್ಲಿ ಜೆಲ್ಲಿ, ಹಣ್ಣು, ಐಸ್‌ಕ್ರೀಂ ಪದರ ಪದರವಾಗಿ ಹಾಕಿದ್ದು), ಜೊತೆಗೆ ಬಿಸಿ ಬಾದಾಮಿ ಹಾಲು. ಎಲ್ಲವೂ ಮೊಟ್ಟೆ ಇಲ್ಲದ್ದು. ಮಾಲ್‌ನವರು ಕೊಡ್ತಿರೋದು ಸಿಂಗಲ್ ಫೇಸ್ 5 ಕಿಲೋವ್ಯಾಟ್. ಕಿಯೋಸ್ಕಿಗೆ ನೀರಿನ ಪೈಪೂ ಇಲ್ಲ, ಡ್ರೈನೂ ಇಲ್ಲ. ತೊಳೆಯೋಕೆ ಹಿಂದೆ ಎಲ್ಲರಿಗೂ ಸೇರಿ ಒಂದು ಜಾಗ ಇದೆ. ಬಾಡಿಗೆ ತಿಂಗಳಿಗೆ ಕನಿಷ್ಠ 60,000 ಅಥವಾ ವ್ಯಾಪಾರದ ಶೇ. 20, ಯಾವುದು ಹೆಚ್ಚೋ ಅದು. ಮೇಲೆ ಮೇಂಟೆನೆನ್ಸ್ 9,000. ಜಿಎಸ್‌ಟಿ ಬೇರೆ.

ಮಿಷಿನ್ ಆರ್ಡರ್ ಮಾಡೋ ಮೊದಲು ಗೊತ್ತಿರೋರು ಹೇಳಿ: ಈ ಮೆನು ನಡೆಯುತ್ತಾ? ವಾಫಲ್ ಹಿಟ್ಟು, ಗಡ್‌ಬಡ್ ಅಳತೆ ಗೊತ್ತಿದ್ದರೆ ಅದನ್ನೂ ಕೊಡಿ. ದಿನಕ್ಕೆ ಎಷ್ಟು ಮಾರಿದರೆ ಕೈ ಕಚ್ಚಲ್ಲ?

ಮೂರು_ಫೇಸು

ಮೆನು ಮೊದಲು ಬರೆದು ಆಮೇಲೆ ಕರೆಂಟ್ ಕೇಳೋದು ಉಲ್ಟಾ ಕ್ರಮ ಸಾರ್. ಕಿಯೋಸ್ಕಲ್ಲಿ ಮೆನು ಹುಟ್ಟೋದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬಿದ್ದು ಕರೆಂಟ್ ಕಡಿಯೋ ಸ್ವಿಚ್ಚು) ಮತ್ತು ನಲ್ಲಿಯಿಂದ. ನಿಮ್ಮ ಪಟ್ಟಿಯನ್ನೇ ಕೂಡಿಸಿ ನೋಡೋಣ.

ವಾಫಲ್ ಮಿಷಿನ್ ಎರಡು, ಒಂದೊಂದು 1.5 ಕಿಲೋವ್ಯಾಟ್, ಅಂದರೆ 3. ಟೇಬಲ್ ಮೇಲಿಡೋ ಸಾಫ್ಟಿ ಮಿಷಿನ್ ಸುಮಾರು 2.2. ಗಾಜಿನ ಸ್ಕೂಪಿಂಗ್ ಕ್ಯಾಬಿನೆಟ್ 0.4, ಡೀಪ್ ಫ್ರೀಜರ್ 0.25, ಕೌಂಟರ್ ಕೆಳಗಿನ ಫ್ರಿಜ್ 0.25. ಹಾಲು ಬಿಸಿ ಇಡೋ ಬೇನ್‌ಮರಿ 1. ಲೈಟು, ಬಿಲ್ ಮಿಷಿನ್, ಬೋರ್ಡು 0.3. ಒಟ್ಟು 7.4. ನಿಮಗೆ ಕೊಟ್ಟಿರೋದು 5, ಅಂದರೆ 230 ವೋಲ್ಟಿಗೆ ಹತ್ತಿರ ಹತ್ತಿರ 22 ಆಂಪ್. ಎಲ್ಲ ಒಟ್ಟಿಗೆ ಓಡಲ್ಲ ಅನ್ನೋ ವಾದ ವಾರದ ದಿನ ಸರಿ, ಶನಿವಾರ ಸಂಜೆ ಸರಿ ಇರಲ್ಲ. ಎರಡು ವಾಫಲ್ ತವ ಕಾಯ್ತಾ ಇರುವಾಗಲೇ ಕಂಪ್ರೆಸರ್ ಸ್ಟಾರ್ಟ್ ಆಗುತ್ತೆ. ಸ್ಟಾರ್ಟಿಂಗ್ ಕರೆಂಟು ಆ ಕ್ಷಣಕ್ಕೆ ಓಡುವಾಗಿನದರ ನಾಲ್ಕೈದು ಪಟ್ಟು. ಎಂಸಿಬಿ ಬಿತ್ತು ಅಂದರೆ ಬಿಲ್ ಮಿಷಿನ್ ಸಮೇತ ಎಲ್ಲ ಕತ್ತಲೆ.

ಇವುಗಳಲ್ಲಿ ಬಿಡಬೇಕಾದ್ದು ಸಾಫ್ಟಿ. ಕಾರಣ ಕರೆಂಟಿಗಿಂತ ನೀರು. ಸಾಫ್ಟಿ ಮಿಷಿನ್ನನ್ನು ದಿನಾ ರಾತ್ರಿ ಖಾಲಿ ಮಾಡಿ, ಮುಂದಿನ ಬಾಗಿಲು, ಬೀಟರ್, ಪಿಸ್ಟನ್, ಓ ರಿಂಗ್ (ಸೋರದ ಹಾಗೆ ತಡೆಯೋ ರಬ್ಬರ್ ಬಳೆ) ಎಲ್ಲ ಬಿಚ್ಚಿ, ತೊಳೆದು, ಸ್ಯಾನಿಟೈಸರ್ ನೀರು ಓಡಿಸಿ, ಓ ರಿಂಗಿಗೆ ಫುಡ್ ಗ್ರೇಡ್ ಗ್ರೀಸ್ ಸವರಿ ಮತ್ತೆ ಜೋಡಿಸಬೇಕು. ಇದಕ್ಕೆ ಇಪ್ಪತ್ತು ಮೂವತ್ತು ಲೀಟರ್ ನೀರು ಬೇಕೇ ಬೇಕು. ನಲ್ಲಿ ಇಲ್ಲದ ಕಡೆ ಬಕೆಟಲ್ಲಿ ಹೊತ್ತು ತಂದು ತೊಳೀತೀವಿ ಅಂತ ಶುರು ಮಾಡ್ತಾರೆ. ಆಮೇಲೆ ಎರಡು ದಿನಕ್ಕೊಮ್ಮೆ ಆಗುತ್ತೆ. ಹಾಲಿನ ಮಿಕ್ಸ್ ಓ ರಿಂಗಿನ ಸಂದಿಯಲ್ಲಿ ಕೂತು ಹುಳಿ ವಾಸನೆ ಹೊಡೆಯುತ್ತೆ, ಗ್ರೀಸ್ ಒಣಗಿ ರಿಂಗ್ ಹರಿದು ಹಿಂದಿನ ಶಾಫ್ಟಿನಿಂದ ಮಿಕ್ಸ್ ಸೋರುತ್ತೆ. ಇದಲ್ಲದೆ ವ್ಯಾಪಾರ ಕಮ್ಮಿ ಇರೋ ಮಧ್ಯಾಹ್ನ ಸಿಲಿಂಡರಲ್ಲಿರೋ ಮಿಕ್ಸ್ ಸುತ್ತಿ ಸುತ್ತಿ ಬೆಣ್ಣೆ ಕಾಳು ಕಟ್ಟುತ್ತೆ; ಕೋನ್ ತಿಂದವರಿಗೆ ನಾಲಿಗೆ ಮೇಲೆ ಮೇಣದ ಹಾಗೆ ಸಿಗೋದು ಅದೇ.

ಸಾಫ್ಟಿ ತೆಗೆದರೆ 5.2 ಉಳಿಯುತ್ತೆ. ವಾಫಲ್ ಮಿಷಿನ್ ಒಂದನ್ನು 1.2ರದ್ದು ತಗೊಂಡರೆ 4.9. ಇನ್ನೂ ಬಿಗಿ. ಬೇನ್‌ಮರಿ ಬದಲು 6 ಲೀಟರಿನ ಇನ್ಸುಲೇಟೆಡ್ ಕ್ಯಾನ್ ಇಟ್ಟರೆ 3.9ಕ್ಕೆ ಬರುತ್ತೆ. ಅಲ್ಲಿಗೆ ಉಸಿರಾಡಬಹುದು. ಫ್ರೀಜರ್‌ಗಳಿಗೆ ಒಂದು ಎಂಸಿಬಿ, ವಾಫಲ್‌ಗೆ ಇನ್ನೊಂದು, ಬಿಲ್ ಮತ್ತು ಲೈಟಿಗೆ ಮತ್ತೊಂದು ಹಾಕಿಸಿ. ಒಂದು ಬಿದ್ದರೆ ಮಿಕ್ಕದ್ದು ನಡೀಲಿ.

ಇನ್ನೊಂದು ವಿಷಯ ಕೇಳೋಕೆ ಎಲ್ಲರೂ ಮರೀತಾರೆ: ರಾತ್ರಿ ಮಾಲ್ ಮುಚ್ಚಿದ ಮೇಲೆ ಕಿಯೋಸ್ಕ್ ಲೈನ್ ಆಫ್ ಮಾಡ್ತಾರಾ? ಎಷ್ಟೋ ಕಡೆ ಸೆಕ್ಯುರಿಟಿಯವರು ಮಹಡಿಯ ಲೈನ್ ಇಳಿಸಿಬಿಡ್ತಾರೆ. ಐಸ್‌ಕ್ರೀಂ ಮೈನಸ್ 18ರಿಂದ ಮೈನಸ್ 8ಕ್ಕೆ ಬಂದು ಬೆಳಿಗ್ಗೆ ಮತ್ತೆ ಗಟ್ಟಿಯಾದರೆ ನೋಡೋಕೆ ಸರಿಯಾಗೇ ಇರುತ್ತೆ, ಬಾಯಲ್ಲಿ ಮರಳು ಮರಳು. ಫ್ರೀಜರ್ ಲೈನಿಗೆ 24 ಗಂಟೆ ಸಪ್ಲೈ ಮತ್ತು ಜನರೇಟರ್ ಬ್ಯಾಕಪ್ ಇದೆ ಅಂತ ಒಪ್ಪಂದದಲ್ಲೇ ಬರೆಸಿ. ಬಾಯಿಮಾತು ಬೇಡ.

ವಾಫಲ್ ತವದ ಹೊಗೆ ನೇರ ಸ್ಮೋಕ್ ಡಿಟೆಕ್ಟರ್ ಕೆಳಗೆ ಬರದ ಹಾಗೆ ಕೌಂಟರ್ ಡ್ರಾಯಿಂಗ್ ಮಾಡಿಸಿ. ಫ್ರೀಜರ್ ಕಂಡೆನ್ಸರ್ (ಬಿಸಿ ಹೊರಬಿಡೋ ಜಾಲರಿ) ಕಡೆ 15 ಸೆಂ.ಮೀ. ಖಾಲಿ ಬಿಡಿ, ವಾಫಲ್ ಅದರಿಂದ ಆದಷ್ಟು ದೂರ ಇರಲಿ. ಮೈದಾ ಧೂಳೂ ಎಣ್ಣೆ ಆವಿಯೂ ಸೇರಿ ಕಂಡೆನ್ಸರ್ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂರುತ್ತೆ. ವಾರಕ್ಕೊಮ್ಮೆ ಬ್ರಷ್ ಹೊಡೆಯದಿದ್ದರೆ ಬೇಸಿಗೆಯಲ್ಲಿ ಕ್ಯಾಬಿನೆಟ್ ಮೈನಸ್ 10ಕ್ಕಿಂತ ಕೆಳಗೆ ಇಳಿಯಲ್ಲ.

ಕುಡ್ಲದ_ಗ್ಲಾಸು

ಗಡ್‌ಬಡ್ ಬಗ್ಗೆ ಕೇಳಿದ್ದೀರಿ, ಅದನ್ನು ಹೇಳ್ತೇನೆ. ಉಡುಪಿ, ಮಂಗಳೂರಿನವರು ಬೆಂಗಳೂರಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ಲೆಕ್ಕ ಉಂಟಾ ಮಾರಾಯ್ರೆ? ಮಂಗಳೂರಿನ ಐಸ್‌ಕ್ರೀಂ ಅಂಗಡಿ ಪಬ್ಬಾಸ್‌ನಲ್ಲಿ ತಿಂದು ಬೆಳೆದವರು ನಿಮ್ಮ ಗ್ಲಾಸಿಗೆ ಒಂದು ಚಮಚ ಹಾಕಿದ ಕೂಡಲೇ ತೀರ್ಪು ಕೊಡ್ತಾರೆ. ಹಾಗಾಗಿ ಅಳತೆ ಬಿಗಿ ಬೇಕು.

ಗ್ಲಾಸು 450 ಮಿ.ಲೀ. ಎತ್ತರದ್ದು. 350ರದ್ದು ಸಾಕು ಅಂತ ಕಾಣ್ತದೆ, ಸಾಕಾಗುವುದಿಲ್ಲ. ಐಸ್‌ಕ್ರೀಮಿನಲ್ಲಿ ಗಾಳಿ ಇರ್ತದಲ್ಲ, ಲೀಟರಿಗೆ ತೂಕ ಕನಿಷ್ಠ 525 ಗ್ರಾಂ ಇರಬೇಕು ಅಂತ ನಿಯಮ. ಅಂದರೆ 60 ಗ್ರಾಮಿನ ಒಂದು ಸ್ಕೂಪು 100 ಮಿ.ಲೀ.ಗಿಂತ ಹೆಚ್ಚು ಜಾಗ ತಿನ್ನುತ್ತದೆ. ಮೂರು ಸ್ಕೂಪು ಅಂದರೆ ಅದೇ 300 ಆಯ್ತು.

ಕಟ್ಟುವ ಕ್ರಮ: ಅಡಿಗೆ ಜೆಲ್ಲಿ 40 ಗ್ರಾಂ. ಮೇಲೆ ಹಣ್ಣು 30 ಗ್ರಾಂ. ಸ್ಟ್ರಾಬೆರಿ ಸ್ಕೂಪು. ಮತ್ತೆ ಹಣ್ಣು 30 ಗ್ರಾಂ, ಹುರಿದ ಗೇರುಬೀಜದ ಚೂರು ಮತ್ತು ಒಣದ್ರಾಕ್ಷಿ ಸೇರಿ 12 ಗ್ರಾಂ. ಪಿಸ್ತಾ ಅಥವಾ ಮ್ಯಾಂಗೋ ಸ್ಕೂಪು. ಕಡೆಗೆ ವೆನಿಲ್ಲಾ, ಅದರ ಮೇಲೆ ಸಿರಪ್ಪು 15 ಮಿ.ಲೀ., ಚೆರಿ, ವೇಫರ್. ವೆನಿಲ್ಲಾ ಅಡಿಗೆ ಹಾಕಬೇಡಿ. ಮೇಲಿನ ಬಣ್ಣದ ಐಸ್‌ಕ್ರೀಮು ಕರಗಿ ಇಳಿದು ಬಿಳಿಯೆಲ್ಲ ಕೊಳೆ ಬಣ್ಣ ಆಗ್ತದೆ.

ಹಾಳಾಗುವುದು ಎರಡು ಕಡೆ, ಜೆಲ್ಲಿ ಮತ್ತು ಹಣ್ಣು.

ಜೆಲ್ಲಿಗೆ ಜೆಲಟಿನ್ ಬೇಡ. ಅದು ಪ್ರಾಣಿಜನ್ಯ, ನಿಮ್ಮದು ಸಸ್ಯಾಹಾರಿ ಕೌಂಟರು. ಸಾಲದ್ದಕ್ಕೆ ಹಸಿ ಅನಾನಸ್, ಪಪ್ಪಾಯ ತಾಗಿದರೆ ಅದರ ಕಿಣ್ವಕ್ಕೆ ಜೆಲಟಿನ್ ನೀರಾಗ್ತದೆ. ಚೈನಾ ಗ್ರಾಸ್ (ಕಡಲಪಾಚಿಯಿಂದ ತೆಗೆದ ಅಗರ್) ಹಾಕಿ. ಪುಡಿಯಾದರೆ ಲೀಟರ್ ನೀರಿಗೆ 8 ಗ್ರಾಂ, ಎಳೆಯಾದರೆ 10ರಿಂದ 12 ಗ್ರಾಂ, ಅರ್ಧ ಗಂಟೆ ನೆನೆಸಿ. ಆಮೇಲೆ ನಿಜವಾಗಿ ಕುದಿಸಬೇಕು, ಬಿಸಿ ಮಾಡಿದರೆ ಸಾಲದು. ಎಳೆ ಕಾಣದ ಹಾಗೆ ಕರಗಿದ ಮೇಲೆಯೇ ಸಕ್ಕರೆ 150 ಗ್ರಾಂ. ಲಿಂಬೆ ರಸ ಹಾಕುವುದಿದ್ದರೆ ಒಲೆಯಿಂದ ಇಳಿಸಿದ ನಂತರ. ಹುಳಿಯೊಟ್ಟಿಗೆ ಕುದಿಸಿದರೆ ಜೆಲ್ಲಿ ಸಡಿಲ. ಇದು ಕೋಣೆಯ ಬಿಸಿಯಲ್ಲೇ ಗಟ್ಟಿಯಾಗ್ತದೆ, ಫ್ರಿಜ್ಜಿನಲ್ಲಿಡಿ. ಫ್ರೀಜರಿಗೆ ಮಾತ್ರ ಹಾಕಬೇಡಿ. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ನೀರು ಬಿಟ್ಟು ಸ್ಪಂಜಿನ ಹಾಗೆ ಆಗ್ತದೆ, ಆ ನೀರು ಗ್ಲಾಸಿನ ಅಡಿಯಲ್ಲಿ ನಿಲ್ಲುತ್ತದೆ.

ಹಣ್ಣು: ಸೇಬು 1 ಸೆಂ.ಮೀ. ಚೂರು ಮಾಡಿ ಲಿಂಬೆ ನೀರಿನಲ್ಲಿ ಅದ್ದಿ ತೆಗೆಯಿರಿ. ಅನಾನಸನ್ನು ಜರಡಿಯಲ್ಲಿ ಹತ್ತು ನಿಮಿಷ ಇಟ್ಟು ರಸ ಇಳಿಸಿ. ದ್ರಾಕ್ಷಿ ಅರ್ಧ ಮಾಡಿ. ಬಾಳೆಹಣ್ಣನ್ನು ಆರ್ಡರ್ ಬಂದ ಮೇಲೆಯೇ ಕೊಯ್ಯಬೇಕು. ಮೊದಲೇ ಕೊಯ್ದಿಟ್ಟದ್ದು ಅರ್ಧ ಗಂಟೆಯಲ್ಲಿ ಕಪ್ಪು. ರಸ ಇಳಿಯದ ಹಣ್ಣು ಹಾಕಿದರೆ ಆ ರಸ ಐಸ್‌ಕ್ರೀಮಿಗೆ ತಾಗಿ ಹಲ್ಲಿಗೆ ಸಿಗುವ ಬರ್ಫ ಆಗ್ತದೆ.

ಕ್ಯಾಬಿನೆಟ್ಟು ಮೈನಸ್ 13ರಿಂದ 15ರಲ್ಲಿ ಇರಲಿ. ಮೈನಸ್ 18ರಲ್ಲಿ ಸ್ಕೂಪು ಇಳಿಯುವುದಿಲ್ಲ, ಹುಡುಗರು ಸ್ಕೂಪನ್ನು ಬಿಸಿನೀರಿಗೆ ಅದ್ದಲಿಕ್ಕೆ ಶುರು ಮಾಡ್ತಾರೆ, ಡಬ್ಬಿಯ ಮೇಲೆ ನೀರಿನ ಪದರ ಕೂತು ಮರುದಿನ ಅದೇ ಐಸು. ಸ್ಕೂಪು ತೊಳೆಯಲಿಕ್ಕೆ ಹರಿಯುವ ನೀರಿಲ್ಲದ ಕಾರಣ ಆರು ಸ್ಕೂಪು ಇಟ್ಟುಕೊಳ್ಳಿ. ಮೂರು ಬಳಕೆಯಲ್ಲಿ, ಮೂರು ತೊಳೆಯಲಿಕ್ಕೆ. ಅರ್ಧ ಗಂಟೆಗೊಮ್ಮೆ ಅದಲು ಬದಲು. ಒಂದೇ ಜಗ್ಗಿನ ನೀರಿನಲ್ಲಿ ಇಡೀ ದಿನ ಅದ್ದುವ ಅಂಗಡಿಯ ಐಸ್‌ಕ್ರೀಮು ತಿನ್ನಲೇಬಾರದು, ಅದು ಬೇರೆ ಮಾತು.

4 ಲೀಟರ್ ಡಬ್ಬಿಯಲ್ಲಿ ತೂಕ 2.1 ಕೆ.ಜಿ. ಸಿಗ್ತದೆ ಅಂತ ಹಿಡಿಯಿರಿ, ಲೆಕ್ಕಕ್ಕೆ 35 ಸ್ಕೂಪು, ಕೈಗೆ ಬರುವುದು 32. ಕೌಂಟರಿನಲ್ಲಿ ಒಂದು ಸಣ್ಣ ತಕ್ಕಡಿ ಇಡಿ. ಹುಡುಗ ಪ್ರೀತಿಯಿಂದ 80 ಗ್ರಾಂ ಹಾಕಿದರೆ ಮೂರು ಸ್ಕೂಪಿಗೆ ಒಂದು ಸ್ಕೂಪು ಧರ್ಮಕ್ಕೆ ಹೋಯ್ತು.

ಮತ್ತೆ, ಡಬ್ಬಿಯ ಮೇಲೆ ಏನು ಬರೆದಿದೆ ಓದಿ. "ಫ್ರೋಜನ್ ಡೆಸರ್ಟ್" ಅಂತಿದ್ದರೆ ಅದರಲ್ಲಿ ಸಸ್ಯಜನ್ಯ ಕೊಬ್ಬು. ಮೆನುವಿನಲ್ಲಿ ಅದನ್ನು ಐಸ್‌ಕ್ರೀಂ ಅಂತ ಬರೆಯುವ ಹಾಗಿಲ್ಲ. ಐಸ್‌ಕ್ರೀಂ ಅಂದರೆ ಹಾಲಿನ ಕೊಬ್ಬು ಶೇ. 10ಕ್ಕೆ ಕಮ್ಮಿ ಇರಬಾರದು.

ಹಿಟ್ಟು_ತವ

ವಾಫಲ್. ಮೊಟ್ಟೆ ಇಲ್ಲದ್ದು, 15 ತುಂಡಿಗೆ: ಮೈದಾ 500 ಗ್ರಾಂ, ಕಾರ್ನ್‌ಫ್ಲೋರ್ 100, ಸಕ್ಕರೆ ಪುಡಿ 90, ಬೇಕಿಂಗ್ ಪೌಡರ್ 20, ಉಪ್ಪು 6. ಹಾಲು 750 ಮಿ.ಲೀ., ಗಟ್ಟಿ ಮೊಸರು 100 ಗ್ರಾಂ, ಕರಗಿಸಿದ ಬೆಣ್ಣೆ 75 ಮತ್ತು ವಾಸನೆ ಇಲ್ಲದ ಎಣ್ಣೆ 75. ವೆನಿಲ್ಲಾ ನಿಮ್ಮಿಷ್ಟ. ಒಟ್ಟು 1,700 ಗ್ರಾಂ ಚಿಲ್ಲರೆ, ತುಂಡಿಗೆ 110 ಗ್ರಾಂ ಹಿಟ್ಟು.

ಒಣ ಪದಾರ್ಥ ಎಲ್ಲ ಮನೆಯಲ್ಲೋ ಬೇಸ್ ಕಿಚನ್‌ನಲ್ಲೋ ತೂಗಿ ಒಂದೊಂದು ಪೊಟ್ಟಣ ಮಾಡಿ. ಮಾಲ್‌ನಲ್ಲಿ ತಕ್ಕಡಿ ಹಿಡಿದು ಮೈದಾ ಹಾರಿಸೋ ಕೆಲಸ ಬೇಡ. ಅಲ್ಲಿ ಹಾಲು, ಮೊಸರು, ಕೊಬ್ಬು ಸೇರಿಸಿ ಗಂಟು ಒಡೆಯೋವರೆಗೆ ಮಾತ್ರ ಕಲಸಿ, 20 ನಿಮಿಷ ಬಿಡಿ. ಜಾಸ್ತಿ ಬಡಿದರೆ ಮೈದಾ ಜಿಗುಟಾಗಿ ವಾಫಲ್ ಚರ್ಮದ ಚಪ್ಪಲಿ. ಬರೀ ಬೆಣ್ಣೆ ಹಾಕಿದರೆ ಫ್ರಿಜ್ಜಿನಲ್ಲಿ ಹಿಟ್ಟೊಳಗೆ ಬೆಣ್ಣೆ ಮತ್ತೆ ಗಟ್ಟಿಯಾಗಿ ಚುಕ್ಕೆ ಚುಕ್ಕೆ ಆಗುತ್ತೆ, ಅದಕ್ಕೇ ಅರ್ಧ ಎಣ್ಣೆ. ಬೇಕಿಂಗ್ ಪೌಡರ್ ಡಬಲ್ ಆ್ಯಕ್ಟಿಂಗ್ (ಕಲಸಿದಾಗ ಸ್ವಲ್ಪ, ಬಿಸಿ ತಾಗಿದಾಗ ಮಿಕ್ಕ ಗಾಳಿ ಬಿಡೋದು) ಇರಲಿ. ಸೋಡಾ ಹಾಕಿದ ಹಿಟ್ಟು ಮೊಸರು ಸೇರಿದ ಕ್ಷಣವೇ ಗಾಳಿಯೆಲ್ಲ ಬಿಟ್ಟು, ಒಂದು ಗಂಟೆ ಆದಮೇಲೆ ಏಳೋದೇ ಇಲ್ಲ. ಕಲಸಿದ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕು ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ಅದಕ್ಕೇ ಒಂದೇ ಸಲ ದೊಡ್ಡ ಪಾತ್ರೆ ಕಲಸಬೇಡಿ, 15 ತುಂಡಿನ ಪೊಟ್ಟಣ ಅಂದದ್ದು.

ತವ 185ರಿಂದ 190 ಡಿಗ್ರಿ, ಹಿಟ್ಟು ಹುಯ್ಯೋ ಮೊದಲು 15 ನಿಮಿಷ ಕಾಯಲಿ. ಹಾಕಿ ಮುಚ್ಚಿದ ಮೇಲೆ ಟೈಮರಿಗಿಂತ ಹೊಗೆ ನೋಡಿ. ಅಂಚಿಂದ ಬರೋ ಆವಿ ತೆಳ್ಳಗಾಗಿ ಹೆಚ್ಚುಕಮ್ಮಿ ನಿಂತಾಗ ತೆಗೀಬೇಕು, ಸುಮಾರು 4 ನಿಮಿಷ. ಆವಿ ಜೋರಾಗಿರುವಾಗಲೇ ಎತ್ತಿದರೆ ಎರಡು ಹೋಳಾಗಿ, ಅರ್ಧ ಮೇಲಿನ ತವಕ್ಕೆ, ಅರ್ಧ ಕೆಳಗಿನದಕ್ಕೆ.

ಅಂಟುತ್ತೆ ಅನ್ನೋ ದೂರು ಬಂದರೆ ಕಾರಣ ಬಹುಪಾಲು ಈ ಮೂರರಲ್ಲಿ ಒಂದು. ಬೇಗ ತೆಗೆದದ್ದು. ಸಕ್ಕರೆ ಜಾಸ್ತಿ ಆದದ್ದು, ಅದು ಕರಗಿ ಕ್ಯಾರಮೆಲ್ ಆಗಿ ಹಿಡಿಯುತ್ತೆ. ಮೂರನೇದು ಸ್ಪ್ರೇ ಎಣ್ಣೆ: ದಿನಾ ಹೊಡೆದೂ ಹೊಡೆದೂ ಕಂದು ಬಣ್ಣದ ಅಂಟು ಪದರ ಕಟ್ಟಿರುತ್ತೆ, ಅದರ ಮೇಲೆ ಇನ್ನಷ್ಟು ಸ್ಪ್ರೇ ಹೊಡೆದರೆ ಇನ್ನಷ್ಟು ಅಂಟು. ರಾತ್ರಿ ತವ ಬೆಚ್ಚಗಿರುವಾಗ ನೈಲಾನ್ ಬ್ರಷ್, ಒದ್ದೆ ಬಟ್ಟೆ. ಸ್ಟೀಲ್ ನಾರು ಮುಟ್ಟಿಸಬೇಡಿ.

ಮೆತ್ತಗಾಯ್ತು ಅನ್ನೋದಕ್ಕೆ ಹಿಟ್ಟನ್ನು ಬೈಬೇಡಿ. ತವದಿಂದ ತೆಗೆದದ್ದನ್ನು ನೇರ ಡಬ್ಬಿಗೆ ಹಾಕಿ ಮುಚ್ಚಿದರೆ ಅದರ ಆವಿ ಅದಕ್ಕೇ ಶತ್ರು. ತಂತಿ ಜಾಲರಿ ಮೇಲೆ 45 ಸೆಕೆಂಡು ನಿಲ್ಲಿಸಿ, ಎರಡೂ ಕಡೆ ಗಾಳಿ ಆಡಲಿ, ಆಮೇಲೆ ಚಾಕೊಲೇಟ್. ಪಾರ್ಸೆಲ್ ಡಬ್ಬಿಗೆ ತೂತು ಇರಲೇಬೇಕು.

ಸಾಮರ್ಥ್ಯ ಗಮನಿಸಿ: 4 ನಿಮಿಷ ಬೇಯೋದು, ಒಂದು ನಿಮಿಷ ತೆಗೆಯೋದು, ಒರೆಸೋದು, ತವ ಮತ್ತೆ ಕಾಯೋದು. ಗಂಟೆಗೆ ಒಂದು ತವದಲ್ಲಿ 12 ಸುತ್ತು. ಒಂದು ಸುತ್ತಿಗೆ ಒಂದೇ ತುಂಡಿನ ಎರಡು ಮಿಷಿನ್ ಇದ್ದರೆ ಗಂಟೆಗೆ 24. ಅದಕ್ಕಿಂತ ಒಂದೂ ಜಾಸ್ತಿ ಬರಲ್ಲ. ಕಮ್ಮಿ ಬೆಲೆಯ ತೆಳು ತವ ಮೂರನೇ ಸುತ್ತಿಗೇ ತಣ್ಣಗಾಗಿ ಬಿಳಿಚಿದ ವಾಫಲ್ ಕೊಡುತ್ತೆ, ಎರಕದ ದಪ್ಪ ತವ ನೋಡಿ ತಗೊಳ್ಳಿ. ಸಿನಿಮಾ ಇಂಟರ್ವಲ್ ಜನ ನಿಮಗೆ ಸಿಗಲ್ಲ, ಹೊರಗಿನ ತಿಂಡಿ ಒಳಗೆ ಬಿಡಲ್ಲ. ಸಿಗೋದು ಶೋ ಬಿಟ್ಟಾಗ, ಹತ್ತು ನಿಮಿಷದಲ್ಲಿ ನಲವತ್ತು ಜನ ಒಟ್ಟಿಗೆ. ಆ ಹತ್ತು ನಿಮಿಷಕ್ಕೆ ವಾಫಲ್ ಉಪಯೋಗಕ್ಕೆ ಬರಲ್ಲ, ಸ್ಕೂಪೇ ಬೇಕು.

ಕುಂದಾನಗರಿ

ಎಲ್ಲಾರೂ ವಾಫಲ್, ವಾಫಲ್ ಅಂತೀರಿ. ಮೇಲಿನವರೇ ಹೇಳ್ಯಾರ ನೋಡ್ರಿ, ತಾಸಿಗೆ 24. ಅದರ ಬದಲಿ ಬೆಂಕಿ ಬೇಡದ್ದು, ಕಟ್ಟಾಕ ಅರ್ಧ ನಿಮಿಷ ಸಾಕಾಗೋದು ಯಾಕ ಇಡಬಾರದು?

ಬೆಳಗಾವಿ ಕುಂದಾ 40 ಗ್ರಾಂ ಬೆಚ್ಚಗ ಮಾಡಿ ವೆನಿಲ್ಲಾ ಸ್ಕೂಪ್ ಮ್ಯಾಲೆ ಹಾಕ್ರಿ, ಅದರ ಮ್ಯಾಲೆ ಪಿಸ್ತಾ ಚೂರು. ಕುಂದಾ ಬಿಸಿ ಮಾಡಾಕ ಸಣ್ಣ ಪಾತ್ರೆಯೊಳಗ ಕುದಿಯೋ ನೀರಿಟ್ಟು ಅದರೊಳಗ ಡಬ್ಬಿ ಇಡ್ರಿ, ನೇರ ಬಿಸಿ ಕೊಟ್ಟರ ತಳಾ ಹತ್ತಿ ಕಪ್ಪಗ ಆಗತೈತಿ. 50 ಡಿಗ್ರಿ ಸಾಕು. ಅದಕ್ಕಿಂತ ಸುಡು ಇದ್ದರ ಐಸ್‌ಕ್ರೀಂ ತಟ್ಟಿಯೊಳಗ ಹಾಲಾಗಿ ಹರೀತೈತಿ.

ಇನ್ನೊಂದು ಚಿರೋಟಿ ಮತ್ತ ಬಾದಾಮಿ ಹಾಲು. ಬೆಂಗಳೂರಿನ ಮದುವಿ ಊಟದಾಗ ಇದನ್ನ ಬಿಡವರ ಯಾರದಾರ? ಚಿರೋಟಿ ಹೊರಗ ಕರಿಸಿ ತರ್ರಿ, ಮಾಲ್‌ನಾಗ ಕರಿಯೋ ಮಾತಿಲ್ಲ. ಎಣ್ಣಿ ಇಳಿಯಾಕ ನಿಂದರಿಸಿ ಇಡಬೇಕು, ಮಲಗಿಸಿದರ ಪದರಿನೊಳಗ ಎಣ್ಣಿ ಕುಂತು ಎರಡನೇ ದಿನಕ್ಕ ಕಮಟು ಬರತೈತಿ. ಪೂರಾ ಆರಿದ ಮ್ಯಾಲೆ ಬಿಗಿ ಡಬ್ಬಿ. ಸಕ್ಕರಿ ಪುಡಿ ಕೊಡೋ ಹೊತ್ತಿಗೇ ಉದುರಸ್ರಿ, ಮೊದಲೇ ಉದುರಿಸಿದ್ದು ಗಾಳಿಯೊಳಗಿನ ತೇವ ಎಳಕೊಂಡು ಪದರ ಬಗ್ಗತಾವು. ಹಾಲು 100 ಮಿ.ಲೀ. ಬಟ್ಟಲದಾಗ ಬ್ಯಾರೆ ಕೊಡ್ರಿ. ಗಿರಾಕಿ ತಾವೇ ಹಾಕ್ಕೊಳ್ಳಲಿ. ಹಾಲು ಕ್ಯಾನಿನಾಗ 65 ಡಿಗ್ರಿಗಿಂತ ಇಳೀಬಾರದು, ಬೆಚ್ಚಗಿನ ಹಾಲು ಲಗೂನ ಕೆಡತೈತಿ. ನಾಕು ತಾಸಿಗೆ ಹೊಸಾ ಹಾಲು.

ಬಿಡಿ ಸಿಹಿ ತಿನಿಸು ತಟ್ಟಿಯೊಳಗ ಇಟ್ಟು ಮಾರಿದರ ಎಷ್ಟನೇ ತಾರೀಖಿನೊಳಗ ತಿನ್ನಬೇಕು ಅಂತ ಚೀಟಿ ಹಚ್ಚಬೇಕ್ರಿ, 2020ರ ಅಕ್ಟೋಬರ್ 1ರಿಂದ ಅದು ಕಡ್ಡಾಯ ಆಗೈತಿ.

ಲೆಕ್ಕದ_ಬುಕ್ಕು

ದುಡ್ಡಿನ ಪ್ರಶ್ನೆ ಯಾರೂ ಮುಟ್ಟಿಲ್ಲ. ನೀವು ಕೊಟ್ಟ ಅಂಕಿಯಿಂದಲೇ ಶುರು.

ಬಾಡಿಗೆ 60,000, ಮೇಂಟೆನೆನ್ಸ್ 9,000, ಇವೆರಡರ ಮೇಲೆ ಶೇ. 18 ಜಿಎಸ್‌ಟಿ 12,420. ಒಟ್ಟು 81,420. ರೆಸ್ಟೋರೆಂಟ್ ಸೇವೆಯಡಿ ಶೇ. 5 ಹಾಕಿ ಬಿಲ್ ಮಾಡುವವರಿಗೆ ಇನ್‌ಪುಟ್ ಕ್ರೆಡಿಟ್ (ತಾವು ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ್ದರಲ್ಲಿ ಕಳೆಯುವ ಸೌಲಭ್ಯ) ಇಲ್ಲ. ಹಾಗಾಗಿ ಆ 12,420 ವಾಪಸ್ ಬರುವ ದುಡ್ಡಲ್ಲ, ಖರ್ಚು. ಇನ್ನೊಂದು ಸೂಕ್ಷ್ಮ ಇದೆ. ಬೇರೆಯವರು ತಯಾರಿಸಿದ ಐಸ್‌ಕ್ರೀಂ ಅನ್ನು ಹಾಗೇ ಸ್ಕೂಪ್ ಮಾಡಿ ಮಾರುವ ಪಾರ್ಲರ್ ರೆಸ್ಟೋರೆಂಟ್ ಸೇವೆ ಅಲ್ಲ, ಸರಕು ಮಾರಾಟ ಅಂತ 2021ರ ಅಕ್ಟೋಬರ್ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದ್ದಾರೆ. ನಿಮ್ಮಲ್ಲಿ ವಾಫಲ್ಲೂ ಇದೆ, ಬರೀ ಸ್ಕೂಪೂ ಇದೆ. ಯಾವುದು ಎಲ್ಲಿಗೆ ಸೇರುತ್ತೆ ಅಂತ ಮೊದಲ ಬಿಲ್ ಹರಿಯುವ ಮುಂಚೆ ಆಡಿಟರ್ ಹತ್ತಿರ ತೀರ್ಮಾನ ಮಾಡಿಕೊಳ್ಳಿ. ವರ್ಷ ಕಳೆದ ಮೇಲೆ ನೋಟಿಸ್ ಬಂದಾಗ ಕೂತು ವಿಂಗಡಿಸೋದು ನರಕ.

ಕರೆಂಟ್: ಫ್ರೀಜರ್‌ಗಳು ಹಗಲೂ ರಾತ್ರಿ, ವಾಫಲ್ ದಿನಕ್ಕೆ 11 ಗಂಟೆ ಬಿಟ್ಟು ಬಿಟ್ಟು, ಲೈಟು. ತಿಂಗಳಿಗೆ 800ರಿಂದ 900 ಯೂನಿಟ್ ಆಗುತ್ತೆ. ಮಾಲ್‌ನ ದರ ಮತ್ತು ಜನರೇಟರ್ ದರ ಬೇರೆ ಬೇರೆ ಇರುತ್ತೆ, ಎರಡೂ ಕೇಳಿ. 12,000 ಅಂತ ಇಟ್ಟುಕೊಳ್ಳೋಣ. ಮೂವರು ಹುಡುಗರು, ವಾರದ ರಜೆ ಸೇರಿಸಿ, 60,000. ಇಂಟರ್ನೆಟ್, ಬಿಲ್ಲಿಂಗ್, ಸ್ವಚ್ಛತೆ, ಚಿಲ್ಲರೆ 8,000. ಎಲ್ಲ ಕೂಡಿ 1,61,420. ಇದು ಒಂದು ಗ್ಲಾಸೂ ಮಾರದಿದ್ದರೂ ಕೊಡಬೇಕಾದ ದುಡ್ಡು.

ಸಾಮಗ್ರಿ, ಡಬ್ಬಿ, ಚಮಚ, ಹಾಳಾದದ್ದು ಸೇರಿ ಮಾರಾಟದ ಶೇ. 38 ಹಿಡಿದರೆ ನೂರಕ್ಕೆ 62 ಕೈಯಲ್ಲಿ ಉಳಿಯುತ್ತೆ. 1,61,420ನ್ನು 0.62ರಿಂದ ಭಾಗಿಸಿ: ತಿಂಗಳಿಗೆ ಸುಮಾರು 2,60,000 ವ್ಯಾಪಾರ, ತೆರಿಗೆ ಬಿಟ್ಟು. ಸರಾಸರಿ 140 ರೂಪಾಯಿಯ ತಿನಿಸು ಅಂದರೆ ದಿನಕ್ಕೆ 62. ಕೇಳೋಕೆ ಸುಲಭ. ಆದರೆ ಊರ ಹೊರಗಿನ ಮಾಲ್‌ನಲ್ಲಿ ದಿನಗಳು ಒಂದೇ ಸಮ ಇರಲ್ಲ. ವಾರದ ದಿನ 40, ಶನಿವಾರ ಭಾನುವಾರ 110 ಹೋಯ್ತು ಅಂದುಕೊಳ್ಳಿ: 22 ದಿನಕ್ಕೆ 880, 8 ದಿನಕ್ಕೆ 880, ಒಟ್ಟು 1,760, ಅಂದರೆ 2,46,400. ವಾರಾಂತ್ಯ ಜಾತ್ರೆ ಥರ ಕಂಡರೂ ತಿಂಗಳ ಕೊನೆಗೆ ಎಂಟು ಒಂಬತ್ತು ಸಾವಿರ ಕೈಯಿಂದಲೇ ಹೋಗುತ್ತೆ. ನಿಮ್ಮ ಸಾಲ, ಮಿಷಿನ್ ಸವಕಳಿ, ನಿಮ್ಮ ಸಂಬಳ ಇದರಲ್ಲಿ ಇಲ್ಲ.

ಶೇ. 20ರ ಗೆರೆ 3 ಲಕ್ಷಕ್ಕೆ ಬರುತ್ತೆ. ಅದು ದಾಟಿದ ಮೇಲೆ ಪ್ರತಿ ನೂರಕ್ಕೆ 20 ಮಾಲಿಗೆ, ಅದರ ಜಿಎಸ್‌ಟಿ 3.60. ಉಳಿಯುತ್ತಿದ್ದ 62ರಲ್ಲಿ 38.40 ಮಾತ್ರ ನಿಮ್ಮದು. ಆದರೆ ಮೇಲಿನ ಲೆಕ್ಕದಲ್ಲಿ ಆ 3 ಲಕ್ಷದ ಗೆರೆ ಮುಟ್ಟೋದೇ ಇಲ್ಲ, ಹಾಗಾಗಿ ಚೌಕಾಸಿ ಮಾಡುವಾಗ ಕನಿಷ್ಠ ಬಾಡಿಗೆಗಿಂತ ಶೇಕಡಾವಾರು ಇಳಿಸೋಕೆ ಒದ್ದಾಡುವವರು ತಪ್ಪು ಕಡೆ ಎಳೀತಿದ್ದಾರೆ. ಮೊದಲ ವರ್ಷ ನಿಮಗೆ ನೋವು ಕೊಡೋದು ಕನಿಷ್ಠ ಬಾಡಿಗೆಯೇ. ಮೊದಲ ಆರು ತಿಂಗಳು ಬರೀ ಶೇಕಡಾವಾರು ಕೇಳಿ, ಅದು ಶೇ. 22 ಆದರೂ ಪರವಾಗಿಲ್ಲ. ಆ 2,46,400ಕ್ಕೆ ಶೇ. 22 ಅಂದರೆ 54,208.

ಒಪ್ಪಂದದಲ್ಲಿ ಓದಲೇಬೇಕಾದ ಸಾಲುಗಳು: ಶೇಕಡಾವಾರು ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೋ ಸೇರಿಸಿಯೋ. 90 ಚದರಡಿ ಅನ್ನೋದು ನಿಮ್ಮ ಕೈಗೆ ಬರುವ ಜಾಗವೋ, ಓಡಾಟದ ಜಾಗ ಸೇರಿಸಿ ಹೇಳಿದ್ದೋ. ಕಿಯೋಸ್ಕನ್ನು ಬೇರೆ ಕಡೆ ಸರಿಸುವ ಹಕ್ಕು ಮಾಲ್‌ಗೆ ಇದೆಯಾ. ಇದ್ದರೆ ಸರಿಸುವ ಖರ್ಚು ಯಾರದು. ಎಸ್ಕಲೇಟರ್ ಮುಂದಿನ ಜಾಗಕ್ಕೆ ದುಡ್ಡು ಕೊಟ್ಟು ಆರು ತಿಂಗಳಿಗೆ ಶೌಚಾಲಯದ ದಾರಿಗೆ ಹೋಗಬಾರದು. ಅದೇ ಮಹಡಿಯಲ್ಲಿ ಇನ್ನೊಂದು ಐಸ್‌ಕ್ರೀಂ ಅಥವಾ ವಾಫಲ್ ಅಂಗಡಿ ಬರಬಾರದು ಅನ್ನೋ ಷರತ್ತು ಸಿಗುತ್ತಾ ನೋಡಿ. ಫುಡ್ ಕೋರ್ಟ್ ಕಾರ್ಡಿನಲ್ಲಿ ವ್ಯಾಪಾರ ಆಗೋದಾದರೆ ದುಡ್ಡು ಎಷ್ಟು ದಿನಕ್ಕೆ ಬರುತ್ತೆ, ಬಾಡಿಗೆ ಕಳೆದು ಕೊಡ್ತಾರಾ ಅಂತ ಬರಹದಲ್ಲಿ ಬೇಕು.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಕಿಯೋಸ್ಕಿನ ವಿಳಾಸಕ್ಕೆ ಒಂದು. ಜೆಲ್ಲಿ, ಹಿಟ್ಟಿನ ಪೊಟ್ಟಣ, ಚಿರೋಟಿ ಬೇರೆ ಕಡೆ ಮಾಡಿದರೆ ಆ ವಿಳಾಸಕ್ಕೆ ಇನ್ನೊಂದು. ಆ ಸಂಖ್ಯೆ ಬಿಲ್ಲಿನ ಮೇಲೆ ಬರಬೇಕು. ಪಾಲಿಕೆಯ ಟ್ರೇಡ್ ಲೈಸೆನ್ಸ್, ಹುಡುಗರ ಆರೋಗ್ಯ ತಪಾಸಣೆ ಚೀಟಿ.

ಉತ್ತರ_ಬೆಂಗಳೂರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸಾಫ್ಟಿ ಕೈಬಿಡ್ತೀವಿ. ವಾಫಲ್ ಮಿಷಿನ್ ಒಂದೇ ಇಟ್ಟು, ಗಡ್‌ಬಡ್, ಕುಂದಾ ಸ್ಕೂಪ್, ಚಿರೋಟಿ ಬಾದಾಮಿ ಹಾಲು ಮುಖ್ಯ ಮಾಡೋಣ ಅಂತ. ಇನ್ನೆರಡು ಪ್ರಶ್ನೆ: ಗಡ್‌ಬಡ್‌ಗೆ ಪ್ಲಾಸ್ಟಿಕ್ ಪಾರದರ್ಶಕ ಗ್ಲಾಸ್ ನಡೆಯುತ್ತಾ? ಮಕ್ಕಳು ಜಾಸ್ತಿ ಬರೋ ಮಾಲ್, ಹೊಗೆ ಬರೋ ಬಿಸ್ಕತ್ತು ಇಟ್ಟರೆ ಜನ ಸೇರ್ತಾರೆ ಅಂತ ಸಪ್ಲೈಯರ್ ಹೇಳ್ತಿದ್ದಾನೆ.

ಮೂರು_ಫೇಸು

ಹೊಗೆ ಬಿಸ್ಕತ್ತು ಮುಟ್ಟಬೇಡಿ. ಅದು ಲಿಕ್ವಿಡ್ ನೈಟ್ರೋಜನ್, ಮೈನಸ್ 196 ಡಿಗ್ರಿ. ಪೂರ್ತಿ ಆವಿಯಾಗದೆ ಒಳಗೆ ಹೋದರೆ ಹೊಟ್ಟೆಯೇ ತೂತಾಗಬಹುದು. 2024ರ ಮೇ ತಿಂಗಳಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಇಂಥ ತಿನಿಸಿನಲ್ಲಿ ಅದನ್ನು ಬಳಸಬಾರದು ಅಂತ ಆದೇಶ ಮಾಡಿದೆ. ಅದೇ ಸಪ್ಲೈಯರ್ ಗುಲಾಬಿ ಬಾಂಬೆ ಮಿಠಾಯಿ ತಂದರೂ ಬಣ್ಣ ಯಾವುದು ಅಂತ ಕೇಳಿ. ರೋಡಮೈನ್ ಬಿ (ಬಟ್ಟೆಗೆ ಹಾಕೋ ಬಣ್ಣ) ಸಿಕ್ಕಿದ್ದಕ್ಕೆ ಅದೇ ವರ್ಷ ಮಾರ್ಚ್‌ನಲ್ಲಿ ಕೃತಕ ಬಣ್ಣದ ಬಾಂಬೆ ಮಿಠಾಯಿ ರಾಜ್ಯದಲ್ಲಿ ನಿಷೇಧ ಆಗಿದೆ.

ಕುಡ್ಲದ_ಗ್ಲಾಸು

ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಗ್ಲಾಸು, ಚಮಚ, ಐಸ್‌ಕ್ರೀಂ ಕಡ್ಡಿ ಎಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಕಾಗದದ ಡಬ್ಬಿಯಲ್ಲಿ ಕೊಡಬಹುದು, ಆದರೆ ಪದರ ಕಾಣದ ಗಡ್‌ಬಡ್ಡಿಗೆ 180 ರೂಪಾಯಿ ಯಾರೂ ಕೊಡುವುದಿಲ್ಲ. ಗಾಜೇ ಇಡಿ. ಫುಡ್ ಕೋರ್ಟಿನಲ್ಲಿ ತಟ್ಟೆ ಲೋಟ ತೊಳೆಯುವವರು ಹೇಗೂ ಇದ್ದಾರೆ, ನಿಮ್ಮ ಗ್ಲಾಸು ಅವರ ಪಟ್ಟಿಗೆ ಸೇರ್ತದಾ ಅಂತ ಒಪ್ಪಂದದಲ್ಲಿ ನೋಡಿ. ದಪ್ಪ ತಳದ್ದು ತೆಗೆದುಕೊಳ್ಳಿ, ಅಡಿ ಅಗಲ ಇರಲಿ, ಮಕ್ಕಳ ಕೈ ತಾಗಿ ಬೀಳುವುದು ಕಮ್ಮಿ. 60 ಗ್ಲಾಸು ಬೇಕು: 20 ಕೌಂಟರಿನಲ್ಲಿ, 20 ಮೇಜಿನ ಮೇಲೆ, 20 ತೊಳೆಯುವಲ್ಲಿ. ತೊಳೆದು ಬಂದದ್ದು ಬಿಸಿ ಇರ್ತದೆ. ಹಾಗೇ ಕಟ್ಟಿದರೆ ಜೆಲ್ಲಿ ಬೆವರಿ ಅಡಿಯ ಸ್ಕೂಪು ಮೇಜಿಗೆ ಹೋಗುವ ಮೊದಲೇ ನೀರು. ಕೌಂಟರಿನ ಕೆಳಗಿನ ಫ್ರಿಜ್ಜಿನಲ್ಲಿ ಒಂದು ಅಡ್ಡಹಲಗೆ ಗ್ಲಾಸಿಗೆ ಬಿಡಿ. ಪಾರ್ಸೆಲ್ ಕೇಳಿದವರಿಗೆ ಗಡ್‌ಬಡ್ ಇಲ್ಲ ಅಂತ ಬೋರ್ಡಿನಲ್ಲೇ ಬರೆದುಬಿಡಿ.